ಎಲುಬಿನ ಕಸಿ

ಶ್ರೀನಿವಾಸಪುರದ ಮಾವಿನ ತೋಟಗಳನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ‘ಕಸಿ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಜಾತಿಯ ಕಡ್ಡಿಯನ್ನು ಬೇರೊಂದು ಸಸಿಗೆ ಕೂಡಿಸಿ ಕಟ್ಟಿದರೆ ಆ ಕಡ್ಡಿಯೇ ಬೆಳೆದು ಮರವಾಗುತ್ತದೆ. ದಂತವೈದ್ಯರೂ ಕಸಿ ಮಾಡುತ್ತಾರೆ. ಹಲ್ಲು ಬಿದ್ದೆಡೆ ದವಡೆ ಸವೆದಿದ್ದರೆ, ಕೃತಕ ಹಲ್ಲಿಗೆ ಬೇರಾಗಿ ನಿಲ್ಲಿಸುವ ಟೈಟೇನಿಯಂ ತಿರುಪಿನ ಸುತ್ತ ಎಲುಬಿನ ಚೂರುಗಳನ್ನು ತುಂಬುತ್ತಾರೆ. ಆದರೆ ಈ ಕಸಿಯ ರೀತಿಯೇ ಬೇರೆ.

ಟೈಟೇನಿಯಂ ಎಲುಬಿನೊಡನೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಅವರು 1952ರಲ್ಲಿ ಮೊಲದ ಕಾಲೆಲುಬಿನಲ್ಲಿ ಕಂಡರು. 1965ರಲ್ಲಿ ಅದನ್ನು ಮನುಷ್ಯನ ದವಡೆಗೆ ತಂದರು. ಮುಂದೆ ನಾಯಿಗಳ ದವಡೆಯಲ್ಲಿ ಕಸಿ ಮಾಡಿ, ಆ ಎಲುಬಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗಿನ ಕಥೆ ತಿಳಿಯಿತು. ತುಂಬಿದ ಚೂರು ತಾನೇ ಬೆಳೆಯುವುದಿಲ್ಲ. ಅದರ ಸಂದುಗಳಲ್ಲಿ ರಕ್ತನಾಳಗಳು ಹಬ್ಬುತ್ತವೆ. ಕೆಲವು ಜೀವಕೋಶಗಳು ಹಳೆಯದನ್ನು ಕರಗಿಸಿದರೆ ಮತ್ತೆ ಕೆಲವು ಹೊಸ ಎಲುಬನ್ನು ಕಟ್ಟುತ್ತವೆ. ಗೋಡೆ ಏಳುವವರೆಗೆ ನಿಂತಿದ್ದು ಆಮೇಲೆ ಬಿಚ್ಚಿಹೋಗುವ ಸಾರುವೆಯಂತೆ, ಕಸಿ ಬಹುಮಟ್ಟಿಗೆ ಮರೆಯಾಗುತ್ತದೆ.

ಮೊಲದಲ್ಲಿ ವಾರಗಳಲ್ಲಿ ಆಗುವ ಈ ಕೆಲಸಕ್ಕೆ ಮನುಷ್ಯನಲ್ಲಿ ತಿಂಗಳುಗಳು ಬೇಕು. ವೈದ್ಯರು ಕಾಯಿರಿ ಎಂದಾಗ ಅವಸರಪಡುವುದು ತರವಲ್ಲ. ಆ ಕಾಯುವಿಕೆಯ ಲೆಕ್ಕವನ್ನು ನಮಗೆ ಕಲಿಸಲು ಮಾತುಬಾರದ ಪ್ರಾಣಿಗಳು ಪ್ರಾಣವನ್ನೇ ತೆತ್ತಿವೆ.