ಹಲ್ಲಿನ ಕೀವು: ವಿಮೆಯಿಲ್ಲದ ಕುಟುಂಬಗಳಿಗೆ ಇರುವ ದಾರಿ

ಜ್ವರ ಬಂದವರನ್ನು ಮರುದಿನವೇ ಆಸ್ಪತ್ರೆಗೆ ಕರೆದೊಯ್ಯುವ ಮನೆಯವರು ಹಲ್ಲುನೋವನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಲವಂಗವನ್ನು ಕಚ್ಚಿಕೊಂಡು ಒಂದು ರಾತ್ರಿ ಕಳೆಯುತ್ತದೆ. ಹೊಗೆಸೊಪ್ಪಿನ ಪುಡಿಯನ್ನು ಒತ್ತಿಕೊಂಡು ಇನ್ನೊಂದು ರಾತ್ರಿ ಕಳೆಯುತ್ತದೆ. ಬಳಿಕ ಔಷಧ ಅಂಗಡಿಯಿಂದ ನಾಲ್ಕು ಮಾತ್ರೆ ತರಲಾಗುತ್ತದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆಗೆ ಹೋಗುವವರಿಗೂ, ಸಿರುಗುಪ್ಪ ತಾಲ್ಲೂಕಿನಲ್ಲಿ ಭತ್ತದ ನಾಟಿಗೆ ಇಳಿಯುವವರಿಗೂ ಇದೇ ಕ್ರಮ. ಒಂದು ದಿನ ಕೆಲಸ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ. ಖಾಸಗಿ ದಂತ ಚಿಕಿತ್ಸಾಲಯದಲ್ಲಿ ಎಷ್ಟು ಕೇಳುವರೋ ತಿಳಿಯದು. ಹಲ್ಲಿಗೆಂದು ವಿಮೆ ಯಾರ ಬಳಿಯೂ ಇಲ್ಲ. ಮೂರನೆಯ ವಾರದಲ್ಲಿ ಕೆನ್ನೆ ಊದಿ ಬಾಯಿ ತೆರೆಯಲಾಗದೆ ಹೋದಾಗ ಮನೆಯವರು ಗ್ರಾಮ ಪಂಚಾಯಿತಿ ಸದಸ್ಯರ ಬಾಗಿಲಿಗೆ ಬರುತ್ತಾರೆ. ಆ ಹೊತ್ತಿಗೆ ಸದಸ್ಯರಿಗೆ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಹಲ್ಲಿನ ಹೊರಪದರ ಗಟ್ಟಿಯಾದದ್ದು. ಅದರೊಳಗೆ ನರ ಮತ್ತು ಸೂಕ್ಷ್ಮ ರಕ್ತನಾಳಗಳಿಂದ ಕೂಡಿದ ಮೃದುವಾದ ತಿರುಳು ಇದೆ. ಹುಳುಕು ಹೊರಪದರವನ್ನು ಕೊರೆದು ತಿರುಳನ್ನು ಮುಟ್ಟಿದಾಗ ರಾತ್ರಿಯಿಡೀ ಕಾಡುವ ಮಿಡಿಯುವ ನೋವು ಆರಂಭವಾಗುತ್ತದೆ. ಕೆಲವು ದಿನಗಳ ಬಳಿಕ ಆ ನೋವು ತಾನಾಗಿಯೇ ನಿಲ್ಲುವುದುಂಟು. ಜನರು ಮೋಸಹೋಗುವುದು ಈ ಹಂತದಲ್ಲಿಯೇ. ನೋವು ನಿಂತದ್ದು ಹಲ್ಲು ವಾಸಿಯಾದುದರಿಂದಲ್ಲ, ಒಳಗಿನ ನರ ಸತ್ತುದರಿಂದ. ಸೋಂಕು ಬೇರಿನ ತುದಿಯ ಮೂಲಕ ದವಡೆಯ ಮೂಳೆಗೆ ಇಳಿದು ಅಲ್ಲಿ ಕೀವು ಕಟ್ಟತೊಡಗುತ್ತದೆ. ಒಸಡಿನ ಮೇಲೆ ಮೊಡವೆಯಂತಹ ಗುಳ್ಳೆ ಎದ್ದು ಒಡೆಯುವುದು, ಬಾಯಲ್ಲಿ ಉಪ್ಪುಪ್ಪಾದ ಕೆಟ್ಟ ರುಚಿ, ಕಚ್ಚಿದರೆ ಹಲ್ಲು ಎತ್ತರವಾದಂತೆ ಅನಿಸುವುದು ಇದರ ಕುರುಹುಗಳು.

ಸತ್ತ ತಿರುಳಿನಲ್ಲಿ ರಕ್ತಸಂಚಾರವಿರುವುದಿಲ್ಲ. ರಕ್ತ ಹೋಗದ ಕಡೆಗೆ ಮಾತ್ರೆಯ ಔಷಧವೂ ಹೋಗದು. ಆದ್ದರಿಂದ ಪ್ರತಿಜೀವಕ ಮಾತ್ರೆಗಳು ಸುತ್ತಲಿನ ಬಾವನ್ನು ಇಳಿಸಬಲ್ಲವೇ ಹೊರತು ಮೂಲದ ಸೋಂಕನ್ನು ತೆಗೆಯಲಾರವು. ಮಾತ್ರೆ ಮುಗಿದ ಕೆಲವು ವಾರಗಳಲ್ಲಿ ಬಾವು ಮರಳುತ್ತದೆ, ಮತ್ತೆ ಅದೇ ಅಂಗಡಿ, ಮತ್ತೆ ಅದೇ ಮಾತ್ರೆ. ಹೀಗೆ ವರ್ಷದಲ್ಲಿ ನಾಲ್ಕಾರು ಬಾರಿ ಮಾಡುವ ಖರ್ಚನ್ನು ಯಾರೂ ಕೂಡಿಸಿ ನೋಡುವುದಿಲ್ಲ. ಅರ್ಧಂಬರ್ಧ ನುಂಗಿದ ಪ್ರತಿಜೀವಕಗಳಿಂದ ಮುಂದೆ ಅದೇ ಔಷಧ ಕೆಲಸ ಮಾಡದಿರುವ ಅಪಾಯವೂ ಇದೆ. ಸೋಂಕಿಗೆ ನಿಜವಾದ ಪರಿಹಾರ ಎರಡೇ: ತಿರುಳನ್ನು ತೆಗೆದು ಬೇರಿನ ನಾಳವನ್ನು ಶುಚಿಮಾಡಿ ಮುಚ್ಚುವ ರೂಟ್ ಕೆನಾಲ್ ಚಿಕಿತ್ಸೆ, ಇಲ್ಲವೇ ಹಲ್ಲನ್ನು ಕೀಳುವುದು. ಮೊದಲನೆಯದು ಹಲ್ಲನ್ನು ಉಳಿಸುತ್ತದೆ. ಆದರೆ ಹಲವು ಭೇಟಿಗಳನ್ನೂ, ಖಾಸಗಿಯಲ್ಲಾದರೆ ಹಲವು ದಿನಗಳ ಕೂಲಿಯನ್ನೂ ಬೇಡುತ್ತದೆ. ಉಳಿಸಲು ಸಾಧ್ಯವಿರುವ ಹಲ್ಲನ್ನು ಬಡತನದ ಕಾರಣಕ್ಕೆ ಕೀಳಿಸಬೇಕಾಗುವುದು ನಷ್ಟವೇ. ಆದರೂ ಕೀವು ತುಂಬಿದ ಹಲ್ಲನ್ನು ಬಾಯಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗುವುದಕ್ಕಿಂತ ಅದು ಮೇಲು.

ಜೀವಕ್ಕೆ ಅಪಾಯವಾಗುವುದು ಯಾವಾಗ

ಕೆಳದವಡೆಯ ಹಿಂಬದಿ ಹಲ್ಲುಗಳ ಸೋಂಕು ನಾಲಿಗೆಯ ಕೆಳಭಾಗಕ್ಕೂ ಗದ್ದದ ಕೆಳಗಿನ ಜಾಗಕ್ಕೂ ಹರಡಬಹುದು. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದುದರಿಂದ ಈ ಸ್ಥಿತಿಗೆ ಲುಡ್ವಿಗ್ಸ್ ಆಂಜೈನಾ ಎಂಬ ಹೆಸರು ಬಂದಿದೆ. ಗದ್ದದ ಕೆಳಗೆ ಎರಡೂ ಬದಿ ಹಲಗೆಯಂತೆ ಗಟ್ಟಿಯಾಗಿ ಊದುತ್ತದೆ, ನಾಲಿಗೆ ಮೇಲಕ್ಕೆ ಒತ್ತಲ್ಪಡುತ್ತದೆ, ಜೊಲ್ಲನ್ನೂ ನುಂಗಲಾಗುವುದಿಲ್ಲ, ಮಾತು ತೊದಲುತ್ತದೆ. ಮುಂದಿನ ಹಂತದಲ್ಲಿ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ, ಮತ್ತು ಇದು ಕೆಲವೇ ಗಂಟೆಗಳಲ್ಲಿ ನಡೆಯಬಹುದು. ಬೆಳಗಾಗಲಿ ಎಂದು ಕಾಯುವ ಸಮಯ ಇದಲ್ಲ. 108ಕ್ಕೆ ಕರೆ ಮಾಡಿ, ರೋಗಿಯನ್ನು ಮಲಗಿಸದೆ ಕೂರಿಸಿಕೊಂಡೇ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸಾಗಿಸತಕ್ಕದ್ದು. ದಂತ ವಿಭಾಗ ತೆರೆಯುವ ವೇಳೆಯನ್ನು ವಿಚಾರಿಸುತ್ತ ಕೂರಬಾರದು. ಚಳಿಜ್ವರ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು, ಊತ ಕಣ್ಣಿನ ಕಡೆಗೆ ಅಥವಾ ಕುತ್ತಿಗೆಗೆ ಹರಡುವುದು ಇವೂ ಅದೇ ದಿನ ಆಸ್ಪತ್ರೆ ಸೇರಬೇಕಾದ ಲಕ್ಷಣಗಳು. ಮಧುಮೇಹ ಇರುವವರಲ್ಲಿ ಸೋಂಕು ಬೇಗ ಹರಡುತ್ತದೆ. ಅಂತಹವರ ಹಲ್ಲುನೋವನ್ನು ಎರಡು ದಿನಕ್ಕಿಂತ ಹೆಚ್ಚು ಮುಂದೂಡಗೊಡಬಾರದು.

ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡುವ ರೂಢಿ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಇದರಿಂದ ಕೀವು ಚರ್ಮದ ಕಡೆಗೆ ಎಳೆಯಲ್ಪಟ್ಟು ಕೆನ್ನೆಯಲ್ಲಿ ತೂತಾಗಿ ಒಡೆಯಬಹುದು. ಆ ಕಲೆ ಜೀವನಪರ್ಯಂತ ಉಳಿಯುತ್ತದೆ. ಸುಣ್ಣ, ಸೀಮೆಎಣ್ಣೆ, ಬ್ಯಾಟರಿ ನೀರು ಹಚ್ಚುವುದರಿಂದ ಒಸಡು ಸುಡುತ್ತದೆಯೇ ಹೊರತು ಸೋಂಕು ಸಾಯುವುದಿಲ್ಲ. ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬಹುದು. ವೈದ್ಯರನ್ನು ಕಾಣುವವರೆಗೆ ನೋವಿಗೆ ಪ್ಯಾರಸಿಟಮಾಲ್ ಸಾಕು.

ಎರಡು ನಂಬಿಕೆಗಳು ಜನರನ್ನು ಆಸ್ಪತ್ರೆಯಿಂದ ದೂರವಿಟ್ಟಿವೆ. ಮೇಲ್ದವಡೆಯ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬುದು ಒಂದು. ಕಣ್ಣಿನ ದೃಷ್ಟಿಯ ನರವೂ ಹಲ್ಲಿನ ಸಂವೇದನೆಯ ನರವೂ ಮಿದುಳಿನಿಂದ ಹೊರಡುವ ಬೇರೆಬೇರೆ ನರಗಳು. ಹಲ್ಲು ಕಿತ್ತರೆ ದೃಷ್ಟಿ ಕುಂದುವುದಿಲ್ಲ. ಕಣ್ಣಿಗೆ ಅಪಾಯ ತರಬಲ್ಲದ್ದು ಕೀಳಿಸದೆ ಬಿಟ್ಟ ಮೇಲ್ದವಡೆಯ ಕೀವು. ಬಾವು ಇರುವಾಗ ಹಲ್ಲು ಕೀಳಲೇಬಾರದು ಎಂಬುದು ಇನ್ನೊಂದು. ಇದರಲ್ಲಿ ಎಳ್ಳಷ್ಟು ಸತ್ಯವಿದೆ: ಕೀವು ತುಂಬಿದ ಜಾಗದಲ್ಲಿ ಅರಿವಳಿಕೆ ಚುಚ್ಚುಮದ್ದು ಸರಿಯಾಗಿ ಹಿಡಿಯದಿರಬಹುದು. ಆಗ ವೈದ್ಯರು ಮೊದಲು ಕೀವು ಹೊರತೆಗೆದು, ಕೆಲವು ದಿನ ಔಷಧ ಕೊಟ್ಟು, ಆಮೇಲೆ ಹಲ್ಲು ತೆಗೆಯುತ್ತಾರೆ. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಬಾವು ಇಳಿಯಲೆಂದು ಮನೆಯಲ್ಲಿಯೇ ಕಾಯುವುದು ತಪ್ಪು.

ಹಣವಿಲ್ಲದವರು ಎಲ್ಲಿಗೆ ಹೋಗಬೇಕು

ರಾಜ್ಯದಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು ಬಳ್ಳಾರಿಯಲ್ಲಿ, ಇಂದಿಗೂ ಜನ ವಿಮ್ಸ್ ಎಂದೇ ಕರೆಯುವ ಆವರಣದಲ್ಲಿ, ಕಂಟೋನ್ಮೆಂಟ್ ಭಾಗದಲ್ಲಿದೆ. ಬ್ರಿಟಿಷರ ಕಾಲದಲ್ಲಿ ದಂಡಿನ ಪ್ರದೇಶಕ್ಕೆ ಹೊಂದಿಕೊಂಡು ಬೆಳೆದ ಪೇಟೆಯಾದ ಕೌಲ್ ಬಜಾರಿಗೆ ಇದು ಸಮೀಪ. ದೂರದ ಜಿಲ್ಲೆಗಳವರು ಹುಡುಕಿಕೊಂಡು ಬರುವ ಸಂಸ್ಥೆ ಜಿಲ್ಲೆಯ ಒಳಗೇ ಇದ್ದರೂ ಅಕ್ಕಪಕ್ಕದ ಹಳ್ಳಿಗಳ ಅನೇಕರಿಗೆ ಅಲ್ಲಿ ಹಲ್ಲು ಕೀಳುತ್ತಾರೆಂಬುದೇ ತಿಳಿದಿಲ್ಲ. ಸರ್ಕಾರಿ ಸಂಸ್ಥೆಯಾದ್ದರಿಂದ ಶುಲ್ಕ ನಾಮಮಾತ್ರದ್ದು. ಬಿಪಿಎಲ್ ಪಡಿತರ ಚೀಟಿ ಇರುವವರು ಅದನ್ನು ಹೊರರೋಗಿ ಚೀಟಿ ಮಾಡಿಸುವಾಗಲೇ ತೋರಿಸಿ ರಿಯಾಯಿತಿ ಕೇಳಬೇಕು. ಚೀಟಿ ಆದ ಮೇಲೆ ತೋರಿಸಿದರೆ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಅಲ್ಲಿ ವಿದ್ಯಾರ್ಥಿಗಳು ಹಲ್ಲು ಕೀಳುತ್ತಾರೆ ಎಂಬ ಅಂಜಿಕೆ ಕೆಲವರಲ್ಲಿದೆ. ಬೋಧನಾ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದು ನಿಜ. ಆದರೆ ಅದು ಅಧ್ಯಾಪಕ ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯುವ ಕೆಲಸ. ಬೇರು ಮುರಿದರೆ ಅಥವಾ ಬುದ್ಧಿಹಲ್ಲು ಮೂಳೆಯೊಳಗೆ ಅಡ್ಡವಾಗಿದ್ದರೆ ಮುಂದಿನ ಶಸ್ತ್ರಚಿಕಿತ್ಸೆ ಮಾಡುವವರು ಅದೇ ಕಟ್ಟಡದಲ್ಲಿದ್ದಾರೆ. ಬೀದಿಬದಿಯಲ್ಲಿ ಇಕ್ಕಳ ಹಿಡಿದು ಕೂರುವವರಲ್ಲಿ ಈ ಅನುಕೂಲವಿಲ್ಲ.

ಎಲ್ಲರೂ ಬಳ್ಳಾರಿಗೇ ಬರಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಕೆಲವು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿಯೂ ದಂತ ವೈದ್ಯರ ಹುದ್ದೆಗಳಿವೆ. ಸಾಮಾನ್ಯ ಹಲ್ಲು ಕೀಳುವ ಕೆಲಸ ಅಲ್ಲಿಯೇ ಆಗಬಲ್ಲದು. ಹುದ್ದೆ ಭರ್ತಿಯಾಗಿದೆಯೇ, ವೈದ್ಯರು ಯಾವ ದಿನ ಇರುತ್ತಾರೆ, ಕುರ್ಚಿ ಮತ್ತು ಎಕ್ಸರೇ ಯಂತ್ರ ಸುಸ್ಥಿತಿಯಲ್ಲಿವೆಯೇ ಎಂಬುದನ್ನು ರೋಗಿ ಬಸ್ಸು ಹತ್ತುವ ಮುನ್ನ ದೂರವಾಣಿಯಲ್ಲಿ ವಿಚಾರಿಸುವುದು ಸದಸ್ಯರು ಮಾಡಬಹುದಾದ ಸಣ್ಣ ಆದರೆ ದೊಡ್ಡ ಉಪಕಾರ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಇದೆ. ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗಿದವರು ಎರಡನೆಯ ಬಾರಿ ಬರುವುದು ವಿರಳ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದುದರಿಂದ ಹೆಣ್ಣುಮಕ್ಕಳ ವಿಷಯದಲ್ಲಿ ಬಸ್ಸಿನ ಖರ್ಚು ಈಗ ಅಡ್ಡಿಯಲ್ಲ. ಜೊತೆಗೆ ಬರುವವರಿಲ್ಲದಿರುವುದೇ ಹೆಚ್ಚಿನ ಅಡ್ಡಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನ ಬಗ್ಗೆ ಸದಸ್ಯರನ್ನು ಹೆಚ್ಚಾಗಿ ಕೇಳಲಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ನೀಡುವ ಈ ಯೋಜನೆ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು. ಹೊರರೋಗಿಯಾಗಿ ಬಂದು ಹಲ್ಲು ಕೀಳಿಸಿಕೊಂಡು ಹೋಗುವುದಕ್ಕೆ ಖಾಸಗಿ ಚಿಕಿತ್ಸಾಲಯದಲ್ಲಿ ಈ ಕಾರ್ಡು ನಡೆಯದು. ಕಾರ್ಡು ಇದೆಯೆಂಬ ಧೈರ್ಯದಿಂದ ಖಾಸಗಿಗೆ ಹೋಗಿ ಬಿಲ್ಲು ಕಂಡು ಗಾಬರಿಯಾಗುವುದನ್ನು ಮೊದಲೇ ತಪ್ಪಿಸಬೇಕು. ಆದರೆ ಸೋಂಕು ಕುತ್ತಿಗೆಗೆ ಹರಡಿ ಆಸ್ಪತ್ರೆಗೆ ದಾಖಲಾಗಬೇಕಾದಾಗ ಪ್ರಶ್ನೆ ಬೇರೆ. ಆಗ ಕಾರ್ಡನ್ನೂ ಪಡಿತರ ಚೀಟಿಯನ್ನೂ ಆಧಾರನ್ನೂ ಒಯ್ದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಬೇಕು.

ಕೌಲ್ ಬಜಾರ್ ಮತ್ತು ಸುತ್ತಲಿನ ಜೀನ್ಸ್ ಘಟಕಗಳಲ್ಲಿ ದುಡಿಯುವವರ ಪೈಕಿ ವೇತನದಿಂದ ಇಎಸ್‌ಐ ಕಡಿತವಾಗುತ್ತಿರುವವರಿಗೆ ಇನ್ನೊಂದು ದಾರಿಯಿದೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ, ಕಾಯ್ದೆಯ ವ್ಯಾಪ್ತಿಗೆ ಬರುವ ಘಟಕದ ಕಾರ್ಮಿಕರಿಗೂ ಅವರ ಅವಲಂಬಿತರಿಗೂ ಅದರಲ್ಲಿ ಹೊರರೋಗಿ ಚಿಕಿತ್ಸೆಯೂ ಸೇರಿದೆ. ಊರಿನಲ್ಲಿರುವ ಹೆಂಡತಿ ಮಕ್ಕಳ ಹೆಸರು ಸೇರಿಸದಿರುವುದು ಸಾಮಾನ್ಯ ಲೋಪ. ಮನೆಯಲ್ಲಿಯೇ ತುಂಡಿನ ಲೆಕ್ಕಕ್ಕೆ ಹೊಲಿಯುವವರು ಮಾತ್ರ ಈ ರಕ್ಷಣೆಯ ಹೊರಗೇ ಉಳಿದಿದ್ದಾರೆ. ಅವರಿಗೆ ಸರ್ಕಾರಿ ಆಸ್ಪತ್ರೆಯೇ ಆಸರೆ.

ಹೋಗುವ ದಿನ, ಬಂದ ದಿನ

ಹಲ್ಲು ಕೀಳಿಸಲು ಹೋಗುವವರು ಉಪವಾಸ ಹೋಗುವುದು ಬಹಳ ಕಡೆ ಕಂಡುಬರುತ್ತದೆ. ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದಿಗೆ ಹೊಟ್ಟೆ ಖಾಲಿ ಇರಬೇಕಾಗಿಲ್ಲ. ಉಂಡು ಹೋಗದಿದ್ದರೆ ಕುರ್ಚಿಯಲ್ಲಿಯೇ ತಲೆಸುತ್ತು ಬರುತ್ತದೆ. ರಕ್ತದೊತ್ತಡ ಮತ್ತು ಸಕ್ಕರೆಯ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಂಡು, ಅವುಗಳ ಚೀಟಿಯನ್ನು ಜೊತೆಗೆ ಒಯ್ಯಬೇಕು. ಹೃದಯದ ಕಾಯಿಲೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು ತಾವು ಗರ್ಭಿಣಿಯೆಂದು ಮೊದಲೇ ಹೇಳಬೇಕು. ನಾಲ್ಕರಿಂದ ಆರು ತಿಂಗಳ ಅವಧಿ ಹೆಚ್ಚು ಅನುಕೂಲ. ಆದರೆ ಕೀವು ಇದ್ದರೆ ಹೆರಿಗೆಯವರೆಗೆ ಕಾಯುವ ಅಗತ್ಯವಿಲ್ಲ. ಹೊರರೋಗಿ ವಿಭಾಗಕ್ಕೆ ಬೆಳಗ್ಗೆಯೇ ತಲುಪುವುದು ಒಳ್ಳೆಯದು.

ಹಲ್ಲು ತೆಗೆದ ಜಾಗದಲ್ಲಿ ಇಟ್ಟ ಹತ್ತಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ಅಂದು ಉಗುಳಬಾರದು, ಮುಕ್ಕಳಿಸಬಾರದು. ಗುಳಿಯಲ್ಲಿ ಕಟ್ಟುವ ರಕ್ತದ ಹೆಪ್ಪೇ ಗಾಯ ಮಾಯಿಸುವ ಮುಚ್ಚಳ. ಮರುದಿನದಿಂದ ಬೆಚ್ಚಗಿನ ಉಪ್ಪುನೀರು. ಬೀಡಿ, ಗುಟ್ಕಾ, ಎಲೆಅಡಿಕೆ ಹೊಗೆಸೊಪ್ಪು ಬಿಡದವರಲ್ಲಿ ಆ ಹೆಪ್ಪು ಕರಗಿ ಮೂರನೆಯ ದಿನದ ಹೊತ್ತಿಗೆ ಮೊದಲಿಗಿಂತ ಕಠಿಣವಾದ ನೋವು ಬರುತ್ತದೆ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಊತ ಮೂರು ದಿನದ ಬಳಿಕ ಇಳಿಯುವ ಬದಲು ಹೆಚ್ಚಿದರೆ ಮರಳಿ ಅದೇ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಬಾಯಿಯ ತೊಂದರೆಯೂ ಹಲ್ಲಿನದಲ್ಲ. ಹೊಗೆಸೊಪ್ಪು ಅಗಿಯುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಅದರ ಪಕ್ಕದಲ್ಲಿ ಕಾರಣವಿಲ್ಲದೆ ಅಲ್ಲಾಡುವ ಹಲ್ಲು ಕಂಡರೆ ಅದು ಕ್ಯಾನ್ಸರ್ ಇರಬಹುದು. ಅಂತಹ ಹಲ್ಲನ್ನು ಎಲ್ಲೆಂದರಲ್ಲಿ ಕೀಳಿಸದೆ ಮೊದಲು ದಂತ ಕಾಲೇಜಿನಲ್ಲಿ ಪರೀಕ್ಷಿಸಬೇಕು. ಫ್ಲೋರೈಡ್ ನೀರಿನಿಂದ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ ಹಲ್ಲು ಮಾತ್ರ ಕೊಳೆತ ಹಲ್ಲಲ್ಲ; ಬಣ್ಣದ ಕಾರಣಕ್ಕೆ ಅದನ್ನು ಕೀಳಿಸಬೇಕಾಗಿಲ್ಲ.

ಗ್ರಾಮ ಪಂಚಾಯಿತಿಯ ಪಾತ್ರ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯನ್ನು ತೀರ ಬಡ ಕುಟುಂಬದ ಆರೋಗ್ಯದ ತುರ್ತಿಗೆ ಬಳಸಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ವೃದ್ಧರೊಬ್ಬರನ್ನು ಆಸ್ಪತ್ರೆಗೆ ಸಾಗಿಸುವ ವಾಹನದ ಬಾಡಿಗೆಗೆ ಇದು ಒದಗಬಲ್ಲದು. ಠರಾವು ಮತ್ತು ರಸೀದಿ ಇರಬೇಕು. ಶಾಲೆ ಮತ್ತು ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಹಲ್ಲುಗಳನ್ನೂ ನೋಡುತ್ತದೆ. ತಂಡ ಬರೆದುಕೊಟ್ಟ ಚೀಟಿ ಪಾಲಕರ ಕೈಸೇರಿ, ಮಗು ಆಸ್ಪತ್ರೆಗೆ ಹೋಯಿತೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳುವ ಸದಸ್ಯರು ಕಡಿಮೆ. ಹಾಲುಹಲ್ಲು ಹೇಗೂ ಬೀಳುತ್ತದೆಂದು ಬಿಟ್ಟ ಕೀವು ಕೆಳಗಿರುವ ಶಾಶ್ವತ ಹಲ್ಲನ್ನೂ ಕೆಡಿಸುತ್ತದೆ.

ದಂತ ಶಿಬಿರ ಏರ್ಪಡಿಸುವ ಸಂಸ್ಥೆಗಳು ಬಂದಾಗ ಮೊದಲು ಕೇಳಬೇಕಾದ್ದು, ಹಲ್ಲು ಅಲ್ಲಿಯೇ ಕೀಳಲಾಗುವುದೇ, ಉಪಕರಣಗಳನ್ನು ಪ್ರತಿ ರೋಗಿಗೂ ಹಬೆಯ ಯಂತ್ರದಲ್ಲಿ ಶುದ್ಧೀಕರಿಸುವ ವ್ಯವಸ್ಥೆ ಇದೆಯೇ ಎಂದು. ಟೂತ್‌ಪೇಸ್ಟ್ ಹಂಚಿ ಛಾಯಾಚಿತ್ರ ತೆಗೆದು ಹೋಗುವ ಶಿಬಿರದಿಂದ ಕೀವು ಇರುವವರಿಗೆ ಪ್ರಯೋಜನವಿಲ್ಲ. ನೋಂದಣಿಯಿಲ್ಲದೆ ದಂತ ಚಿಕಿತ್ಸೆ ನಡೆಸುವುದು ಕಾನೂನಿನನ್ವಯ ಅಪರಾಧ. ಖಾಸಗಿ ಚಿಕಿತ್ಸಾಲಯಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಂಡು ದರಪಟ್ಟಿಯನ್ನು ಪ್ರದರ್ಶಿಸಬೇಕು. ಇವೆರಡರ ಬಗೆಗಿನ ದೂರನ್ನು ಲಿಖಿತವಾಗಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಸಲ್ಲಿಸಬಹುದು.

ಹಲ್ಲುಗಳೆಲ್ಲ ಹೋದ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ನೀಡಲು ರಾಜ್ಯ ಸರ್ಕಾರ 2014-15ರಲ್ಲಿ ದಂತಭಾಗ್ಯ ಯೋಜನೆ ಆರಂಭಿಸಿತು. ರೊಟ್ಟಿ ಅಗಿಯಲಾಗದೆ ಗಂಜಿಯಲ್ಲೇ ದಿನ ಕಳೆಯುವ ಅಜ್ಜ ಅಜ್ಜಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅಂತಹವರ ಹೆಸರು, ವಯಸ್ಸು, ಪಡಿತರ ಚೀಟಿಯ ವಿವರಗಳನ್ನು ಪಟ್ಟಿ ಮಾಡಿ, ಯೋಜನೆಯ ಈಗಿನ ಸ್ಥಿತಿ ಮತ್ತು ಅರ್ಹತೆಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಂಡು ಕಳುಹಿಸಬೇಕು. ಕೊನೆಯ ಹಲ್ಲು ಕೀಳಿಸಿದ ಗಾಯ ಮಾಯಲು ಕೆಲವು ವಾರಗಳು ಬೇಕಾಗುವುದರಿಂದ ಆ ಅವಧಿಯನ್ನು ಲೆಕ್ಕದಲ್ಲಿಟ್ಟುಕೊಂಡು ದಿನಾಂಕ ಪಡೆಯತಕ್ಕದ್ದು.