ಗೆಳೆಯರ ಟೇಬಲ್ಲು ಮತ್ತು ಒಂದು ಬಟ್ಟಲು ಸಾಂಬಾರಿನ ಲೆಕ್ಕ

ನಾನು ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವ, ಬರೆದು ಅಭ್ಯಾಸವಿಲ್ಲ. ಆದರೆ ಸುಮಾರು ಇಪ್ಪತ್ತೆಂಟು ವರ್ಷಗಳಿಂದ ಪರೇಲಿನಲ್ಲಿ ಗಲ್ಲಾದಲ್ಲಿ ಕುಳಿತು ಬಿಲ್ಲು ಕೊಡುವವರ ಮುಖ ನೋಡುತ್ತ ಬಂದಿದ್ದೇನೆ. ಗಿರಾಕಿಗೆ ತಾನು ಕೊಟ್ಟ ದುಡ್ಡು ವಸೂಲಾಯಿತು ಎಂದು ಯಾವಾಗ ಅನ್ನಿಸುತ್ತದೆ, ಅದರಲ್ಲಿಯೂ ನಾಲ್ಕೈದು ಮಂದಿ ಗೆಳೆಯರು ಒಟ್ಟಿಗೆ ಬಂದಾಗ ಅವರ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂಬ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿ ಪಾಠ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮ ಹೋಟೆಲಿನ ಆರನೇ ನಂಬರಿನ ಟೇಬಲ್ಲಿಗೆ ಪ್ರತಿ ಶನಿವಾರ ಸಂಜೆ ಐದು ಮಂದಿ ಬರುತ್ತಿದ್ದರು. ಹಳೆಯ ಗಿರಣಿಯೊಂದರ ಜಾಗದಲ್ಲಿ ಎದ್ದ ಆಫೀಸಿನಲ್ಲಿ ಕೆಲಸಕ್ಕಿದ್ದ ಹುಡುಗರು. ಇಬ್ಬರು ಮರಾಠಿಯವರು, ಒಬ್ಬ ಗುಜರಾತಿ, ಒಬ್ಬ ಮಲಯಾಳಿ, ಮತ್ತೊಬ್ಬ ನಮ್ಮ ಕಾರ್ಕಳದ ಕಡೆಯವ. 2013ರಿಂದ ಬರುತ್ತಿದ್ದವರು. ಎರಡು ಪಾವ್ ಭಾಜಿ, ಆರೇಳು ಎಕ್ಸ್‌ಟ್ರಾ ಪಾವ್, ಎರಡು ಮೂರು ಮಸಾಲೆ ದೋಸೆ, ಒಂದು ಇಡ್ಲಿ ವಡೆ, ಕೊನೆಗೆ ಐದು ಕಾಫಿ. ಎಲ್ಲವೂ ನಡುವಿಗೆ ಬರಬೇಕು, ಎಲ್ಲರೂ ಎಲ್ಲದರಲ್ಲಿಯೂ ಕೈಹಾಕಬೇಕು. ಗೆಳೆಯರ ತಿಂಡಿ ಎಂದರೆ ಹಾಗೆಯೇ.

ಲಾಕ್‌ಡೌನ್ ಮುಗಿದು 2022ರಲ್ಲಿ ವ್ಯಾಪಾರ ಮತ್ತೆ ಹಳಿಗೆ ಬರುತ್ತಿದ್ದ ಸಮಯ. ಆ ವರ್ಷ ಹತ್ತೊಂಬತ್ತು ಕಿಲೋ ಸಿಲಿಂಡರಿನ ದರ ಎರಡು ಸಾವಿರ ದಾಟಿತ್ತು. ಎಣ್ಣೆಯ ದರವೂ ಏರಿತ್ತು. ಊರಿಗೆ ಹೋದ ಕೆಲಸದವರು ಹೆಚ್ಚು ಸಂಬಳ ಕೇಳಿಯೇ ತಿರುಗಿ ಬಂದರು. ದೋಸೆಯ ರೇಟು ಏರಿಸಿದರೆ ಗಿರಾಕಿ ಓಡಿಹೋಗುತ್ತಾನೆ ಎಂಬ ಹೆದರಿಕೆಯಿಂದ ನಾನು ರೇಟು ಮುಟ್ಟಲಿಲ್ಲ. ಮಸಾಲೆ ದೋಸೆ ತೊಂಬತ್ತೇ ಇರಲಿ ಎಂದು ಬಿಟ್ಟು, ಬೇರೆ ದಾರಿ ಹಿಡಿದೆ. ಎರಡನೇ ಬಾರಿ ಸಾಂಬಾರಿಗೆ ಇಪ್ಪತ್ತು ರೂಪಾಯಿ ಎಂದು ಬೋರ್ಡು ಹಾಕಿದೆ. ಪಾವ್ ಭಾಜಿಯ ಬಟ್ಟಲು ಸ್ವಲ್ಪ ಸಣ್ಣದು ಮಾಡಿದೆ. ನೀರು ಇಡುವ ಮೊದಲು 'ಬಾಟಲಿಯಾ?' ಎಂದು ಕೇಳಲು ವೇಟರುಗಳಿಗೆ ಕಲಿಸಿದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತ ಮಗ ಮನೆಯಲ್ಲಿದ್ದಾನೆ, ಆದರೆ ಈ ಬುದ್ಧಿ ಅವನದ್ದಲ್ಲ. ಬೋರ್ಡು ಬರೆಸಿದ್ದು ನಾನೇ.

ಐವರು ಎರಡು ಶನಿವಾರ ಬಂದರು. ಮೂರನೇ ಶನಿವಾರ ಬರಲಿಲ್ಲ. ಮನೆಯಿಂದಲೇ ಕೆಲಸ ಇರಬೇಕು ಎಂದುಕೊಂಡೆ. ಒಂದೂವರೆ ತಿಂಗಳ ನಂತರ ಯಾವುದೋ ಕೆಲಸಕ್ಕೆ ಹೋಗುವಾಗ ನೋಡುತ್ತೇನೆ, ಐದೂ ಮಂದಿ ಎರಡು ಗಲ್ಲಿ ಆಚೆಯ ಹೋಟೆಲಿನಲ್ಲಿ ಕುಳಿತಿದ್ದಾರೆ. ಅಲ್ಲಿ ಮಸಾಲೆ ದೋಸೆಗೆ ನೂರು ರೂಪಾಯಿ, ನನ್ನಲ್ಲಿಗಿಂತ ಹತ್ತು ಹೆಚ್ಚು! ಕಾರ್ಕಳದ ಹುಡುಗ ಹೊರಗೆ ಬಂದಾಗ ಕೇಳಿಯೇ ಬಿಟ್ಟೆ. ಆತ ಮೊದಲು ಏನೇನೋ ಹೇಳಿ ಜಾರಿಕೊಂಡ. ಆಮೇಲೆ ಹೇಳಿದ: "ಅಣ್ಣಾ, ರೇಟಿನ ಮಾತಲ್ಲ. ನಿಮ್ಮಲ್ಲಿ ಸಾಂಬಾರು ಕೇಳಲಿಕ್ಕೆ ನಾಚಿಕೆಯಾಗುತ್ತದೆ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆತ ಹೇಳಿದ ಮಾತಿನಲ್ಲಿ ಒಂದು ಲೆಕ್ಕ ಇದೆ. ಬಿಲ್ಲು ಐವರಲ್ಲಿ ಸಮ ಹಂಚಿಕೆಯಾಗುತ್ತದೆ. ಸಾಂಬಾರು ಬೇಕಾದದ್ದು ಇಬ್ಬರಿಗೆ ಮಾತ್ರ. ಅದಕ್ಕೆ ಬೇರೆ ದುಡ್ಡು ಎಂದಾದ ಮೇಲೆ, ಕೇಳಿದವ ಉಳಿದ ಮೂವರ ಕಿಸೆಗೆ ಕೈಹಾಕಿದಂತೆ ಆಗುತ್ತದೆ. ನಾಲ್ಕು ರೂಪಾಯಿಯ ಭಾಗಕ್ಕೆ ಯಾವ ಗೆಳೆಯನೂ ಜಗಳಾಡುವುದಿಲ್ಲ, ನಿಜ. ಆದರೆ ಕೇಳುವವನಿಗೆ ಸಂಕೋಚ. ಆತ ಅರ್ಧ ಇಡ್ಲಿಯನ್ನು ಒಣಗಿದಂತೆಯೇ ನುಂಗಿ ಏಳುತ್ತಾನೆ. ಒಬ್ಬನೇ ಬಂದ ಗಿರಾಕಿಗೆ ಈ ತೊಂದರೆ ಇಲ್ಲ, ಬೇಕಾದರೆ ತೆಗೆದುಕೊಳ್ಳುತ್ತಾನೆ, ಬೇಡವಾದರೆ ಬಿಡುತ್ತಾನೆ.

ನಮ್ಮ ಪರೇಲಿನಲ್ಲಿ ಎಲ್ಲ ಥರದ ಗಿರಾಕಿಗಳೂ ಇದ್ದಾರೆ. ಕೆಇಎಂ, ಟಾಟಾ, ವಾಡಿಯಾ ಆಸ್ಪತ್ರೆಗಳಿಗೆ ರೋಗಿಗಳ ಜೊತೆ ಬಂದವರಿಗೆ ಬಿಸಿ ಇರಬೇಕು, ಬೇಗ ಸಿಗಬೇಕು, ಕಡಿಮೆಯಲ್ಲಿ ಮುಗಿಯಬೇಕು. ಅವರು ದುಡ್ಡು ಎಣಿಸಿಕೊಂಡೇ ಒಳಗೆ ಬರುತ್ತಾರೆ. ಸಂಸಾರ ಸಮೇತ ಬಂದಲ್ಲಿ ಮೆನು ಕಾರ್ಡಿನ ಬಲಬದಿ ನೋಡುವವ ಒಬ್ಬನೇ, ಮನೆಯ ಯಜಮಾನ. ಗೆಳೆಯರ ಟೇಬಲ್ಲಿನಲ್ಲಿ ಮಾತ್ರ ಯಜಮಾನನೇ ಇಲ್ಲ. ಒಬ್ಬನ ಸಂಬಳ ಮತ್ತೊಬ್ಬನ ಎರಡರಷ್ಟು ಇರಬಹುದು, ಆದರೆ ಭಾಗ ಸಮಾನ. ಆದ್ದರಿಂದ ಕಡಿಮೆ ಸಂಬಳದವನಿಗೆ ಯಾವ ಹೋಟೆಲು ಸರಿಹೊಂದುತ್ತದೆಯೋ ಅಲ್ಲಿಗೇ ಎಲ್ಲರೂ ಹೋಗುತ್ತಾರೆ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಹಿಂದೆ ಈ ಹಂಚಿಕೆ ಅಂದಾಜಿನಲ್ಲಿ ನಡೆಯುತ್ತಿತ್ತು. ಒಬ್ಬ ಇನ್ನೂರು ಇಡುತ್ತಿದ್ದ, ಇನ್ನೊಬ್ಬ ನೂರೈವತ್ತು, ಉಳಿದ ಚಿಲ್ಲರೆ ವೇಟರಿಗೆ. 2016ರಲ್ಲಿ ಯುಪಿಐ ಬಂದು ಫೋನಿನಲ್ಲಿಯೇ ದುಡ್ಡು ಕಳಿಸುವ ಅಭ್ಯಾಸವಾದ ಮೇಲೆ ಒಬ್ಬ ಬಿಲ್ಲು ಕೊಡುತ್ತಾನೆ, ಉಳಿದವರು ಕುಳಿತಲ್ಲೇ ತಮ್ಮ ಭಾಗವನ್ನು ರೂಪಾಯಿ ಪೈಸೆ ಸಮೇತ ಅವನಿಗೆ ಕಳಿಸುತ್ತಾರೆ. ಈಗ ಪ್ರತಿಯೊಬ್ಬನಿಗೂ ತನ್ನ ತಲೆಗೆ ಎಷ್ಟು ಬಿತ್ತು ಎಂಬುದು ಅಂಕಿಯಲ್ಲಿ ಕಾಣುತ್ತದೆ. ವೇಟರ್ ಹುಡುಗರ ಟಿಪ್ಸು ಕಡಿಮೆಯಾದದ್ದಕ್ಕೂ ಇದೇ ಕಾರಣ ಎಂದು ನನ್ನ ಅನಿಸಿಕೆ. ಚಿಲ್ಲರೆಯೇ ಇಲ್ಲದ ಮೇಲೆ ತಟ್ಟೆಯಲ್ಲಿ ಉಳಿಯುವುದೇನು?

ಈ ತಲಾ ಲೆಕ್ಕದ ಬಿಸಿ ನನಗೂ ಒಮ್ಮೆ ತಟ್ಟಿತ್ತು, ಆದರೆ ಆಗ ಬುದ್ಧಿ ಬರಲಿಲ್ಲ. 2019ರಲ್ಲಿ ನಾವು ನಾಲ್ವರು ಹೋಟೆಲಿನವರೇ ಸೇರಿ ಲೋವರ್ ಪರೇಲಿನ ಒಂದು ಹೊಸ ರೆಸ್ಟೋರೆಂಟಿಗೆ ಹೋದೆವು. ಹೆಸರು ಬೇಡ. ಮೆನು ನೋಡಿ ಆರ್ಡರ್ ಮಾಡುವಾಗಲೇ ನಮ್ಮವರೊಬ್ಬರು ಲೆಕ್ಕ ಹಾಕಿದ್ದರು, ಮೂರು ಸಾವಿರದ ಇನ್ನೂರು, ತಲೆಗೆ ಎಂಟುನೂರು. ಊಟ ಚೆನ್ನಾಗಿಯೇ ಇತ್ತು. ಬಿಲ್ಲು ಬಂತು. ಕೇಳದೆಯೇ ತೆರೆದಿಟ್ಟ ಎರಡು ಬಾಟಲಿ ನೀರಿಗೆ 240. ಅಲ್ಲಿಗೆ 3,440. ಅದರ ಮೇಲೆ ಶೇಕಡಾ ಹತ್ತು ಸರ್ವಿಸ್ ಚಾರ್ಜ್ 344. ಒಟ್ಟು ಸೇರಿ 3,784ರ ಮೇಲೆ ಶೇಕಡಾ ಐದು ಜಿಎಸ್‌ಟಿ 189 ರೂಪಾಯಿ 20 ಪೈಸೆ. ಕೊನೆಗೆ 3,973 ಚಿಲ್ಲರೆ. ತಲೆಗೆ ಎಂಟುನೂರು ಎಂದುಕೊಂಡದ್ದು ಒಂಬೈನೂರ ತೊಂಬತ್ತಮೂರು ಆಯಿತು. ಕೆಳಗಿಳಿದು ಪಾನ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತೆವು. ಊಟದ ರುಚಿಯ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ಆ ನೂರ ತೊಂಬತ್ತಮೂರು ರೂಪಾಯಿಯದ್ದೇ ಮಾತು. ಮೆನುವಿನಲ್ಲಿ ಮೊದಲೇ ತಲೆಗೆ ಸಾವಿರ ಆಗುವಂತೆ ರೇಟು ಬರೆದಿದ್ದರೆ ನಾವು ಸಂತೋಷವಾಗಿ ಕೊಟ್ಟು, ಪನೀರು ಮೆತ್ತಗಿತ್ತು ಎಂದು ಹೊಗಳುತ್ತ ಮನೆಗೆ ಹೋಗುತ್ತಿದ್ದೆವು.

ಕಾನೂನಿನ ವಿಷಯ ಹೇಳುವುದಾದರೆ, ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಲು ಹೋಟೆಲುಗಳಿಗೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ನಾವು ಬರೀ ನೀರು ಮಾರುವುದಲ್ಲ, ಜಾಗ, ಕುರ್ಚಿ, ಸೇವೆ ಎಲ್ಲ ಸೇರಿದೆ ಎಂಬುದು ಅದರ ಆಧಾರ. ಸರ್ವಿಸ್ ಚಾರ್ಜಿನ ಕತೆ ಬೇರೆ. ಅದು ಗಿರಾಕಿಯ ಇಷ್ಟಕ್ಕೆ ಬಿಟ್ಟದ್ದು ಎಂದು ಕೇಂದ್ರ ಸರಕಾರ 2017ರಲ್ಲೇ ಹೇಳಿತ್ತು. 2022ರ ಜುಲೈ 4ರಂದು ಗ್ರಾಹಕ ರಕ್ಷಣಾ ಪ್ರಾಧಿಕಾರ, ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ನಿಯಮ ಮಾಡಿತು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಆ ನಿಯಮವನ್ನು ಎತ್ತಿಹಿಡಿಯಿತು. ನಮ್ಮ ಉಡುಪಿ ಹೋಟೆಲುಗಳಲ್ಲಿ ಈ ಚಾರ್ಜು ಹಾಕುವವರು ಕಡಿಮೆ. ಆದರೆ ಎರಡನೇ ಸಾಂಬಾರಿಗೆ ಇಪ್ಪತ್ತು ರೂಪಾಯಿ ಎಂದು ನಾನು ಹಾಕಿದ ಬೋರ್ಡು ಅದರ ತಮ್ಮನೇ ಅಲ್ಲವೇ?

ಜಿಎಸ್‌ಟಿಯ ಬಗ್ಗೆಯೂ ಎರಡು ಮಾತು. 2017ರ ಜುಲೈನಲ್ಲಿ ಎಸಿ ಹೋಟೆಲಿಗೆ ಶೇ. 18, ನಾನ್ ಎಸಿಗೆ ಶೇ. 12 ಇದ್ದದ್ದು ನವೆಂಬರ್ 15ರಿಂದ ಎರಡಕ್ಕೂ ಶೇ. 5 ಆಯಿತು. ಆದರೆ ನಾವು ಸಾಮಾನು ಕೊಳ್ಳುವಾಗ ಕೊಟ್ಟ ಟ್ಯಾಕ್ಸು ನಮಗೆ ತಿರುಗಿ ಸಿಗುವುದು ನಿಂತಿತು. ಆಗ ಕೆಲವರು ಮೆನು ದರ ಏರಿಸಿದರು. ಗಿರಾಕಿಗೆ ಕಂಡದ್ದು ಇಷ್ಟೇ, ಟ್ಯಾಕ್ಸು ಇಳಿದರೂ ಬಿಲ್ಲು ಇಳಿಯಲಿಲ್ಲ. ಈಗ 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪದ ಟ್ಯಾಕ್ಸು 12ರಿಂದ 5ಕ್ಕೆ ಇಳಿದಿದೆ. ತಿರುಗಿ ಸಿಗದ ಟ್ಯಾಕ್ಸು ಇಳಿದರೆ ಅದು ನೇರವಾಗಿ ನಮ್ಮ ಉಳಿತಾಯ. 'ಅಣ್ಣಾ, ಬೆಣ್ಣೆ ಅಗ್ಗವಾಯಿತಲ್ಲ' ಎಂದು ಗಿರಾಕಿ ಕೇಳಿದರೆ ಉತ್ತರ ಇಟ್ಟುಕೊಳ್ಳಿ. ನಾನು ರೇಟು ಇಳಿಸಲಿಲ್ಲ, ಪಾವ್ ಭಾಜಿಯ ಮೇಲೆ ಬೆಣ್ಣೆ ಸ್ವಲ್ಪ ದಪ್ಪ ಹಾಕಿಸುತ್ತೇನೆ. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಒಂದೂವರೆ ಕೋಟಿಯ ಒಳಗಿನ ವ್ಯಾಪಾರದವರು ಗಿರಾಕಿಯಿಂದ ಟ್ಯಾಕ್ಸು ಬೇರೆ ತೆಗೆದುಕೊಳ್ಳುವಂತಿಲ್ಲ. ಬೋರ್ಡಿನಲ್ಲಿದ್ದದ್ದೇ ಬಿಲ್ಲು. ಅದು ಅವರಿಗೆ ಒಂದು ಭಾಗ್ಯವೇ ಎನ್ನುತ್ತೇನೆ.

ಹಿರಿಯರು ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪರೇಲ್, ಲಾಲ್‌ಬಾಗ್ ಎಲ್ಲ ಗಿರಣಗಾಂವ್ ಆಗಿದ್ದ ಕಾಲದಲ್ಲಿ ಮಿಲ್ ಕಾರ್ಮಿಕರಿಗೆ ಮನೆಮನೆಯಲ್ಲಿ ಹೆಂಗಸರು ಖಾನಾವಳಿ ನಡೆಸುತ್ತಿದ್ದರು. ತಿಂಗಳಿಗೆ ಇಷ್ಟು ಎಂದು ಮಾತಾದರೆ ಆಯಿತು. ಆ ಹೆಂಗಸರನ್ನು ಒಟ್ಟು ಮಾಡಿ ಪ್ರೇಮಾತಾಯಿ ಪುರವ್ 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿದರು. 1982ರ ಜನವರಿ 18ರಂದು ಶುರುವಾದ ದತ್ತಾ ಸಾಮಂತರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗಿದ್ದರು. ನಾನು ಊರಿನಿಂದ ಬಂದಾಗ ಅನೇಕ ಗಿರಣಿಗಳ ಗೇಟು ಮುಚ್ಚಿಯೇ ಇತ್ತು. ಫೀನಿಕ್ಸ್ ಮಿಲ್ಲು ಮಾಲ್ ಆದದ್ದು, ಕಮಲಾ ಮಿಲ್ಲಿನಲ್ಲಿ ಆಫೀಸು, ರೆಸ್ಟೋರೆಂಟುಗಳು ಎದ್ದದ್ದು ನಮ್ಮ ಕಣ್ಣ ಮುಂದೆಯೇ. ಗಿರಾಕಿ ಬದಲಾದ, ಆದರೆ ಕಾಸಿಗೆ ತಕ್ಕ ಕಜ್ಜಾಯ ಎಂಬ ಅವನ ಲೆಕ್ಕ ಬದಲಾಗಲಿಲ್ಲ.

ಮಾಟುಂಗದಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ನೋಡಿ. ಮಿತ ಊಟಕ್ಕೆ ಒಂದು ದರ, ಬಾಳೆಲೆಯ ಹೊಟ್ಟೆ ತುಂಬ ಊಟಕ್ಕೆ ಇನ್ನೊಂದು ದರ. ಎಲೆಯ ಮುಂದೆ ಕುಳಿತ ಮೇಲೆ ಎರಡನೇ ಸಲ ಸಾರು ಕೇಳಲು ಯಾರಿಗೂ ನಾಚಿಕೆಯಿಲ್ಲ. ಹೆಚ್ಚು ಉಣ್ಣುವ ಗೆಳೆಯನೂ ಕಡಿಮೆ ಉಣ್ಣುವ ಗೆಳೆಯನೂ ಪಕ್ಕ ಪಕ್ಕದಲ್ಲಿ ಕುಳಿತು ಸಮ ದುಡ್ಡು ಕೊಟ್ಟು ಸಂತೋಷವಾಗಿ ಏಳುತ್ತಾರೆ. ಸರದಿಯಲ್ಲಿ ಕಾಯಬೇಕಾದರೂ ಜನ ಕಾಯುತ್ತಾರೆ.

ನಾನು ಮರುದಿನ ಅಡುಗೆಮನೆಯಲ್ಲಿ ಭಟ್ಟರನ್ನು ಕೂರಿಸಿ ಸಾಂಬಾರಿನ ಖರ್ಚು ಬರೆದೆ. ಬೇಳೆ, ತರಕಾರಿ, ಹುಳಿ, ತೆಂಗಿನಕಾಯಿ, ಗ್ಯಾಸು ಎಲ್ಲ ಸೇರಿ ಒಂದು ಬಟ್ಟಲಿಗೆ ನಮ್ಮಲ್ಲಿ ಸುಮಾರು ಐದು ರೂಪಾಯಿ ಬಿತ್ತು. ಐವರ ಟೇಬಲ್ಲಿಗೆ ಹೆಚ್ಚೆಂದರೆ ನಾಲ್ಕು ಬಟ್ಟಲು, ಇಪ್ಪತ್ತು ರೂಪಾಯಿ. ಅವರ ಬಿಲ್ಲು ಸರಾಸರಿ ಸಾವಿರದ ನೂರು. ವರ್ಷದಲ್ಲಿ ಐವತ್ತು ಶನಿವಾರ ಹಿಡಿದರೂ ಐವತ್ತೈದು ಸಾವಿರದ ವ್ಯಾಪಾರ. ನಾಲ್ಕು ಬಟ್ಟಲಿಗೆ ಎಂಬತ್ತು ರೂಪಾಯಿ ಸಿಕ್ಕಿತೆಂದು ಹಿಗ್ಗಿ ಐವತ್ತೈದು ಸಾವಿರ ಕಳೆದುಕೊಂಡೆ. ಅದೂ ನನಗೆ ಗೊತ್ತಾದ ಒಂದೇ ಟೇಬಲ್ಲಿನದ್ದು.

ಬೋರ್ಡು ತೆಗೆಸಿದೆ. ಮಸಾಲೆ ದೋಸೆಗೆ ನೇರವಾಗಿ ಹತ್ತು ರೂಪಾಯಿ ಏರಿಸಿ, ಟ್ಯಾಕ್ಸು ಸೇರಿದ ದರವನ್ನೇ ಮೆನುವಿನಲ್ಲಿ ಬರೆಸಿದೆ. ಭಾಜಿಯ ಹಳೆಯ ಬಟ್ಟಲು ತಿರುಗಿ ಬಂತು, ರೇಟು ಹದಿನೈದು ಹೆಚ್ಚಾಯಿತು. ಮೂವರಿಗಿಂತ ಹೆಚ್ಚು ಮಂದಿ ಕುಳಿತರೆ ಕೇಳುವ ಮೊದಲೇ ಖಾಲಿ ಪ್ಲೇಟು, ಚಮಚ, ಜಗ್ಗಿನಲ್ಲಿ ನೀರು ಇಡಬೇಕು ಎಂದು ಹುಡುಗರಿಗೆ ಹೇಳಿದೆ. 'ಶೇರಿಂಗ್ ನಹೀ ಚಲೇಗಾ' ಎಂದು ಕೆಲವರು ಫಲಕ ಹಾಕುತ್ತಾರೆ. ಕ್ಷಮಿಸಿ, ಅದು ಗೆಳೆಯರಿಗೆ ಬರಬೇಡಿ ಎಂದು ಹೇಳಿದಂತೆ. ರೇಟು ಏರಿಸಿದ್ದಕ್ಕೆ ಮೊದಲ ವಾರ ನಾಲ್ಕೈದು ಮಂದಿ ಗೊಣಗಿದರು, ಆಮೇಲೆ ಸುಮ್ಮನಾದರು.

ಐವರಲ್ಲಿ ಮೂವರು ತಿರುಗಿ ಬಂದರು. ಒಬ್ಬ ಬೆಂಗಳೂರಿಗೆ ಹೋದನಂತೆ, ಮಲಯಾಳಿ ಹುಡುಗ ಈಗ ಥಾಣೆಯಲ್ಲಿ. ಮೂವರು ತಮ್ಮ ಹೊಸ ಗೆಳೆಯರನ್ನು ಕರೆದುಕೊಂಡು ಬರುತ್ತಾರೆ. ಆರನೇ ಟೇಬಲ್ಲಿಗೆ ಈಗ ಸಾಂಬಾರಿನ ಬಕೆಟ್ಟು ಕರೆಯದೆಯೇ ಹೋಗುತ್ತದೆ.

ಒಂದು ವಿಷಯಕ್ಕೆ ಮಾತ್ರ ನನಗೆ ಇನ್ನೂ ದಾರಿ ಸಿಕ್ಕಿಲ್ಲ. ಶನಿವಾರ ಏಳರಿಂದ ಒಂಬತ್ತು ಗಂಟೆಯವರೆಗೆ ಹೊರಗೆ ಜನ ಕಾಯುತ್ತಿರುತ್ತಾರೆ, ಒಳಗೆ ಕಾಫಿ ಕುಡಿದು ಮುಗಿಸಿದ ಗೆಳೆಯರು ಇನ್ನೂ ಮುಕ್ಕಾಲು ಗಂಟೆ ಹರಟೆಯಲ್ಲಿ ಕುಳಿತಿರುತ್ತಾರೆ. ಎಬ್ಬಿಸಿದರೆ ಕೊಟ್ಟ ಸಾಂಬಾರೆಲ್ಲ ನೀರಿನಲ್ಲಿ ಹೋದಂತೆ. ಎಬ್ಬಿಸದಿದ್ದರೆ ಹೊರಗಿನವರು ಬೇರೆ ಕಡೆ ಹೋಗುತ್ತಾರೆ. ಮಗ ಹೊರಗೆ ನಾಲ್ಕು ಎತ್ತರದ ಮೇಜು ಹಾಕಿ ಕಾಫಿಯನ್ನು ಅಲ್ಲಿಗೆ ಕೊಡೋಣ ಎನ್ನುತ್ತಾನೆ, ಆದರೆ ಫುಟ್‌ಪಾತಿನಲ್ಲಿ ಮೇಜು ಇಟ್ಟರೆ ಮುನಿಸಿಪಾಲಿಟಿಯವರು ಬಿಡುವುದಿಲ್ಲ. ಸದಸ್ಯ ಬಂಧುಗಳಲ್ಲಿ ಯಾರಾದರೂ ಇದಕ್ಕೆ ಉಪಾಯ ಕಂಡುಕೊಂಡಿದ್ದರೆ ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ.