ದತ್ತು ಮಗು ಬರುವ ಮುನ್ನ ಮನೆ ಸಜ್ಜಾಗಲಿ

ಅಕ್ಕಲಕೋಟ: ದತ್ತಕ ಎಂಬ ಮಾತು ಈ ಊರಿಗೆ ಹೊಸದಲ್ಲ. ಅಕ್ಕಲಕೋಟ ಸಂಸ್ಥಾನದ ಮೂಲಪುರುಷ ಫತ್ತೇಸಿಂಹ ಭೋಸಲೆ ಹುಟ್ಟಿನಿಂದ ಭೋಸಲೆ ಅಲ್ಲ, ಲೋಖಂಡೆ ಮನೆತನದ ಹುಡುಗ. 18ನೇ ಶತಮಾನದ ಆರಂಭದಲ್ಲಿ ಛತ್ರಪತಿ ಶಾಹು ಮಹಾರಾಜರು ಅವನನ್ನು ಮಗನೆಂದು ಸ್ವೀಕರಿಸಿ ಬೆಳೆಸಿದರು. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1874ರಲ್ಲಿ ವಿಧವೆಯೊಬ್ಬಳ ಕೂಸು ಯಶವಂತನನ್ನು ದತ್ತು ಪಡೆದರು. ಆತ ಮುಂದೆ ಡಾಕ್ಟರ್ ಆಗಿ 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡಿದ. ನಮ್ಮದೇ ಜಿಲ್ಲೆಯ ಪಂಢರಪುರದಲ್ಲಿ ತೊರೆದ ಕೂಸುಗಳಿಗಾಗಿ ಪ್ರಾರ್ಥನಾ ಸಮಾಜದವರ ಬಾಲಕಾಶ್ರಮ 1875ರಲ್ಲೇ ಶುರುವಾಯಿತು.

ಇಷ್ಟಿದ್ದರೂ ಇಂದು ಗಡಿಭಾಗದ ಹಳ್ಳಿಗಳಲ್ಲಿ ಮಕ್ಕಳಿಲ್ಲದ ದಂಪತಿ ದತ್ತಕದ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ‘ಯಾರ ಕೂಸು, ಯಾ ಜಾತಿ?’ ಎರಡನೆಯದು, ‘ಹೊಲಕ್ಕ ವಾರಸ ಬೇಕಲ್ಲ, ಅಣ್ಣನ ಮಗ ಇಲ್ಲೇನು?’ ಮಗುವಿಗೆ ಏನು ಬೇಕು ಎಂದು ಕೇಳುವವರು ಕಡಿಮೆ. ದತ್ತು ಪಡೆಯಲು ಹೊರಟವರ ನಿಜವಾದ ತಯಾರಿ ಈ ಕೊನೆಯ ಪ್ರಶ್ನೆಯಿಂದಲೇ ಶುರುವಾಗಬೇಕು.

ಬಾಂಡ್ ಪೇಪರಿನ ದಾರಿ ಬೇಡ

ಸಂಬಂಧಿಕರ ಮಗುವನ್ನು 1956ರ ಹಿಂದೂ ದತ್ತಕ ಮತ್ತು ಪೋಷಣೆ ಕಾಯ್ದೆಯಂತೆ ಪಡೆಯಬಹುದು. ಅದಕ್ಕೂ ಷರತ್ತುಗಳುಂಟು. ಮಗನಿದ್ದವರು ಮತ್ತೆ ಗಂಡುಮಗುವನ್ನು ದತ್ತು ಪಡೆಯುವಂತಿಲ್ಲ. ಅನಾಥ, ತೊರೆದ ಅಥವಾ ಹೆತ್ತವರು ಒಪ್ಪಿಸಿಕೊಟ್ಟ ಮಕ್ಕಳಿಗೆ 2015ರ ಬಾಲನ್ಯಾಯ ಕಾಯ್ದೆಯ ದಾರಿ. ಇದನ್ನು ನೋಡಿಕೊಳ್ಳುವುದು ‘ಕಾರಾ’ ಎಂಬ ಕೇಂದ್ರ ಸರ್ಕಾರದ ಸಂಸ್ಥೆ.

‘ಆಸ್ಪತ್ರ್ಯಾಗ ಒಂದು ಕೂಸದ, ಇಷ್ಟು ಕೊಟ್ರ ಇವತ್ತೇ ಸಿಗ್ತದ’ ಎನ್ನುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ನೋಟರಿ ಮಾಡಿಸಿದ ಬಾಂಡ್ ಪೇಪರಿನಿಂದ ಅಂಥ ಕೂಸು ನಿಮ್ಮದಾಗುವುದಿಲ್ಲ. ಕಾಯ್ದೆ ಬಿಟ್ಟು ದತ್ತು ಕೊಟ್ಟರೂ ಪಡೆದರೂ 3 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮಗುವಿನ ಮಾರಾಟವಾದರೆ ಶಿಕ್ಷೆ 5 ವರ್ಷದ ತನಕ. ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಮಗುವಿಗೆ. ನಾಲ್ಕೈದು ವರ್ಷ ಅವ್ವ ಎಂದು ಕರೆದವಳ ಕೈಯಿಂದ ಅದನ್ನು ಪೊಲೀಸರು ಎತ್ತಿಕೊಂಡು ಹೋಗುವ ಪ್ರಸಂಗ ಬರಬಹುದು.

ನಿಯಮದಂತೆ ಬಂದ ಮಗುವಿಗೆ ಈ ಭಯವಿಲ್ಲ. ಕಾಯ್ದೆಯ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೇಲೆ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲೆಯ ಕಲೆಕ್ಟರ್. ಆದೇಶವಾದ ದಿನದಿಂದ ಆ ಮಗು ಎಲ್ಲ ರೀತಿಯಿಂದಲೂ ನಿಮ್ಮ ಮಗು. ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು, ಸಾತಬಾರಾ ಉತಾರೆಯಲ್ಲಿ ಹೊಟ್ಟೆಯ ಮಗುವಿಗೆ ಇರುವಷ್ಟೇ ವಾರಸಾ ಹಕ್ಕು. ಭಾವಕಿಯವರು ತಕರಾರು ತೆಗೆದರೂ ನಡೆಯುವುದಿಲ್ಲ.

ವಯಸ್ಸಿನ ಲೆಕ್ಕ

2022ರ ದತ್ತು ನಿಯಮಗಳಂತೆ 2 ವರ್ಷದೊಳಗಿನ ಮಗು ಬೇಕಾದರೆ ಗಂಡ-ಹೆಂಡತಿ ಇಬ್ಬರ ವಯಸ್ಸು ಕೂಡಿಸಿದರೆ 85 ಮೀರಬಾರದು. 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8ಕ್ಕೆ 100, 8ರಿಂದ 18ಕ್ಕೆ 110. ಒಬ್ಬಂಟಿಗರಿಗೆ ಇದೇ ಕ್ರಮದಲ್ಲಿ 40, 45, 50 ಮತ್ತು 55. ಮಗುವಿಗೂ ತಂದೆ-ತಾಯಿಗೂ ಕನಿಷ್ಠ 25 ವರ್ಷದ ಅಂತರವಿರಬೇಕು. ಮದುವೆಯಾಗಿ 2 ವರ್ಷ ಕೂಡಿ ಬಾಳಿರಬೇಕು. ಒಬ್ಬಂಟಿ ಹೆಣ್ಣುಮಗಳು ಗಂಡು, ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಬ್ಬಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ.

ತಾಲೂಕಿನ ಒಂದು ಹಳ್ಳಿಯ ದಂಪತಿಗೆ ಈ ಲೆಕ್ಕವೇ ದಾರಿ ಬದಲಿಸಿತು. (ಮಗಳ ಸಲುವಾಗಿ ಊರು, ಹೆಸರು ಬೇಡ ಎಂದರು.) 2022ರ ಕೊನೆಗೆ ನೋಂದಣಿಗೆ ಹೋದಾಗ ಗಂಡನಿಗೆ 47, ಹೆಂಡತಿಗೆ 41. ಕೂಡಿಸಿದರೆ 88. ಎಳೆಗೂಸಿನ ಆಸೆ ಬಿಡಬೇಕಾಯಿತು. “ಎರಡು ದಿನ ಮನಿಯಾಗ ಒಲಿ ಹಚ್ಚಲಿಲ್ರಿ. ಆಮ್ಯಾಲ ನಮ್ಮ ಅತ್ತಿಯವ್ರೇ ಅಂದ್ರು, ನಡಕೋತ ಬರೂ ಕೂಸು ಕೂಸಲ್ಲೇನು ಅಂತ” ಎಂದು ಆಕೆ ನೆನೆಯುತ್ತಾರೆ. 2025ರಲ್ಲಿ ಮೂರೂವರೆ ವರ್ಷದ ಮಗಳು ಮನೆಗೆ ಬಂದಳು.

ಗಡಿಯವರ ಕಾಗದದ ತೊಡಕು

ಕಾರಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ 30 ದಿನದೊಳಗೆ ಕಾಗದಪತ್ರ ಏರಿಸಬೇಕು. ಕುಟುಂಬದ ಫೋಟೊ, ಪ್ಯಾನ್, ಜನನ ದಾಖಲೆ, ವಾಸದ ದಾಖಲೆ, ಆದಾಯದ ದಾಖಲೆ, ಡಾಕ್ಟರರ ಪ್ರಮಾಣಪತ್ರ, ಮದುವೆ ದಾಖಲೆ ಮುಖ್ಯವಾದವು.

ನಮ್ಮ ಕಡೆಯವರು ಎಡವುವುದು ಇಲ್ಲೇ. ಸೊಸೆ ಇಂಡಿ, ಆಳಂದ ಅಥವಾ ಅಫಜಲಪುರದವಳು. ಅವಳ ಶಾಲೆಯ ದಾಖಲೆ ಕನ್ನಡದಲ್ಲಿ, ತಂದೆಯ ಹೆಸರಿನೊಂದಿಗೆ. ಇಲ್ಲಿನ ರೇಷನ್ ಕಾರ್ಡ್ ಮರಾಠಿಯಲ್ಲಿ, ಗಂಡನ ಹೆಸರಿನೊಂದಿಗೆ. ಆಧಾರ್‌ನಲ್ಲಿ ಮೂರನೇ ನಮೂನೆ. ಮದುವೆಯೂ ತವರಿನ ಊರಲ್ಲಿ ಆದದ್ದು, ನೋಂದಣಿ ಎಲ್ಲಿಯೂ ಇಲ್ಲ. ಆದ್ದರಿಂದ ಪೋರ್ಟಲ್‌ಗೆ ಹೋಗುವ ಮೊದಲೇ ಮದುವೆ ನೋಂದಣಿ ಮಾಡಿಸಿ, ಎಲ್ಲ ದಾಖಲೆಯಲ್ಲಿ ಹೆಸರು ಒಂದೇ ಇರುವಂತೆ ತಿದ್ದಿಸಿಕೊಳ್ಳುವುದು ಜಾಣತನ. ಶುಲ್ಕ ನಿಯಮದಲ್ಲೇ ನಿಗದಿಯಾಗಿದೆ. ರಸೀದಿ ಇಲ್ಲದೆ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ.

ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಇದಕ್ಕೆ ಹೆದರಿ ಗೋಡೆಗೆ ಬಣ್ಣ ಬಳಿಸುವವರಿದ್ದಾರೆ. ಬಂದವರು ಬಣ್ಣ ನೋಡುವುದಿಲ್ಲ. ಅಜ್ಜ-ಅಜ್ಜಿಯ ಮನಸ್ಸು ಹೇಗಿದೆ, ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಅವರೇನು ಅನ್ನುತ್ತಾರೆ, ನಿಮಗೆ ಏನಾದರೂ ಆದರೆ ಮಗುವನ್ನು ಯಾರು ನೋಡುತ್ತಾರೆ ಎಂದು ಕೇಳುತ್ತಾರೆ. ಸುಳ್ಳು ಹೇಳಬೇಡಿ. ಈ ವರದಿ 3 ವರ್ಷ ಚಾಲ್ತಿಯಲ್ಲಿರುತ್ತದೆ.

ಕಾಯುವ ವರ್ಷಗಳು

2024-25ರಲ್ಲಿ ದೇಶದಲ್ಲಿ 4,515 ಮಕ್ಕಳು ದತ್ತು ಹೋದರು. ಕಾಯುತ್ತಿರುವ ಕುಟುಂಬಗಳ ಸಾಲು ಇದಕ್ಕಿಂತ ಬಹಳ ಉದ್ದ. ಆರೋಗ್ಯವಂತ ಎಳೆಗೂಸಿಗಾಗಿ 3 ವರ್ಷ ದಾಟುವುದು ಸಾಮಾನ್ಯ. ಆದರೆ ಸಂಸ್ಥೆಗಳಲ್ಲಿ ದೊಡ್ಡ ಮಕ್ಕಳು, ಅಣ್ಣ-ತಂಗಿಯ ಜೋಡಿಗಳು, ವಿಶೇಷ ಆರೈಕೆ ಬೇಕಾದ ಮಕ್ಕಳು ಮನೆಗಾಗಿ ಕಾಯುತ್ತಲೇ ಇರುತ್ತಾರೆ.

ಸರದಿ ಬಂದಾಗ ಮಗುವಿನ ಫೋಟೊ, ಆರೋಗ್ಯ ವರದಿ ಪೋರ್ಟಲ್‌ನಲ್ಲಿ ಬರುತ್ತವೆ. 48 ತಾಸಿನೊಳಗೆ ಒಪ್ಪಿಗೆ ಕೊಡಬೇಕು. ವರದಿಯನ್ನು ನಿಮ್ಮ ಡಾಕ್ಟರರಿಗೆ ತೋರಿಸಬಹುದು. ಯಾವ ಡಾಕ್ಟರರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮಗು ಯಾವ ರಾಜ್ಯದಿಂದಲೂ ಬರಬಹುದು.

ದತ್ತು ಬೇಡ, ಮಗುವಿಗೆ ಆಸರೆಯಾಗಬೇಕು ಎನ್ನುವವರಿಗೆ ಫಾಸ್ಟರ್ ಕೇರ್ ಇದೆ. 2024ರ ಮಾರ್ಗಸೂಚಿಯಂತೆ 6 ವರ್ಷ ದಾಟಿದ ಮಕ್ಕಳನ್ನು ಸಂಸ್ಥೆಯ ಬದಲು ಮನೆಯಲ್ಲಿಟ್ಟು ಸಾಕಬಹುದು. 35ರಿಂದ 60 ವರ್ಷದ ಒಬ್ಬಂಟಿಗರಿಗೂ ಅವಕಾಶವುಂಟು. ಮಗು ದತ್ತಕಕ್ಕೆ ಕಾನೂನಿನಂತೆ ಮುಕ್ತವಿದ್ದರೆ 2 ವರ್ಷದ ನಂತರ ಅದೇ ಕುಟುಂಬ ದತ್ತು ಪಡೆಯಬಹುದು.

ಮೊದಲ ತಿಂಗಳು ಮಂದಿ ಬೇಡ

ಸಂಸ್ಥೆಯಲ್ಲಿ ಬೆಳೆದ ಮಗುವಿಗೆ ನಮ್ಮ ಮನೆಯೇ ಪರಊರು. ಅದನ್ನು ನೋಡಿಕೊಂಡ ಮೌಶಿಯನ್ನು ಕೇಳಿ ತಿಳಿದುಕೊಳ್ಳಿ: ಎಷ್ಟು ಗಂಟೆಗೆ ಊಟ, ಯಾವ ಹಾಡಿಗೆ ನಿದ್ದೆ, ಏನು ಕಂಡರೆ ಹೆದರಿಕೆ. ಅದು ಹೊದೆಯುತ್ತಿದ್ದ ದುಪ್ಪಟಿ ಸಿಕ್ಕರೆ ಬೇಡಿಕೊಂಡು ತನ್ನಿ. ಮೊದಲ ಕೆಲವು ವಾರ ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ನಿದ್ದೆ ಇರಲಿ. ತೊಟ್ಟಿಲು, ಬಾರಸಾ, ಊರೂಟ ಎಲ್ಲ ಆಮೇಲೆ ಮಾಡಬಹುದು.

“ಬಂದ ಹೊಸದಾಗ ಭಕ್ರಿ ತುಂಡು ತಲಿದಿಂಬಿನ ಬುಡಕ ಇಡ್ತಿದ್ಳು. ಬೈಲಿಲ್ಲ. ದಿನಾ ರಾತ್ರಿ ಒಂದು ಡಬ್ಬಿಯಾಗ ಭಕ್ರಿ ಹಾಕಿ ಆಕಿ ಬಾಜೂಕೇ ಇಟ್ವಿ. ಎರಡು ತಿಂಗಳಿಗೆ ಡಬ್ಬಿ ತಾನೇ ಅಡಿಗಿಮನಿಗೆ ತಂದಿಟ್ಳು” ಎನ್ನುತ್ತಾರೆ ಆ ತಾಯಿ. ಹುಡುಗಿಗೆ ಬರುತ್ತಿದ್ದುದು ಮರಾಠಿ ಮಾತ್ರ. ಎರಡೂ ಮಾತಿನ ನಮ್ಮ ಮನೆಗಳಿಗೆ ಇದೊಂದು ಅನುಕೂಲ. ಮಗಳ ಮರಾಠಿಗೆ ಅಪ್ಪ ಮರಾಠಿಯಲ್ಲೇ ಉತ್ತರ ಕೊಟ್ಟ, ಅಜ್ಜಿ ಮಾತ್ರ ಕನ್ನಡ ಬಿಡಲಿಲ್ಲ. ಈಗ ಹುಡುಗಿ ಜಗಳವನ್ನು ಕನ್ನಡದಲ್ಲೇ ಆಡುತ್ತಾಳೆ!

ದತ್ತು ಆದ ಮೇಲೂ 2 ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬಂದು ನೋಡುತ್ತಾರೆ. ಅದು ತನಿಖೆ ಅಲ್ಲ. ತೊಂದರೆ ಇದ್ದರೆ ಹೇಳಿಕೊಳ್ಳುವ ಅವಕಾಶ.

ನಿಜ ಹೇಳುವ ತಯಾರಿ

ಎಲ್ಲಕ್ಕಿಂತ ಕಠಿಣ ತಯಾರಿ ಇದು. ‘ಆಕಿಗ್ಯಾಕ ಹೇಳಬೇಕು, ಮುಚ್ಚಿಟ್ರ ಆತು’ ಎನ್ನುವ ಹಿರಿಯರು ಪ್ರತಿ ಮನೆಯಲ್ಲಿದ್ದಾರೆ. ಹಳ್ಳಿಯಲ್ಲಿ ಯಾವುದು ಮುಚ್ಚಿರುತ್ತದೆ? ನೀವು ಹೇಳದಿದ್ದರೆ ಒಂದು ದಿನ ಜಗಳದ ಸಿಟ್ಟಿನಲ್ಲಿ ಯಾರೋ ಹೇಳುತ್ತಾರೆ, ಅದೂ ಬೈಗುಳದಂತೆ. ಅದಕ್ಕೆ ಮಗು ಸಣ್ಣದಿದ್ದಾಗಲೇ ಕಥೆಯಂತೆ ಹೇಳಲು ಶುರುಮಾಡಬೇಕು: ನೀನು ಹೊಟ್ಟೆಯಿಂದ ಬರಲಿಲ್ಲ, ನಿನ್ನನ್ನು ಕಾಯ್ದು ಕರೆತಂದೆವು ಎಂದು. 18 ತುಂಬಿದ ಮೇಲೆ ತನ್ನ ಮೂಲ ತಿಳಿಯಲು ಅರ್ಜಿ ಹಾಕುವ ಹಕ್ಕು ಮಗುವಿಗಿದೆ. ಆ ಹಕ್ಕಿಗೆ ಹೆದರದ ಮನೆಯಲ್ಲಿ ಮಗು ಗಟ್ಟಿಯಾಗಿ ಬೆಳೆಯುತ್ತದೆ.

ಸೊಲ್ಲಾಪುರ ಜಿಲ್ಲೆಯವರು ಮೊದಲು ವಿಚಾರಿಸಬೇಕಾದುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಫಲಕ ಮರಾಠಿಯಲ್ಲಿರುತ್ತದೆ: ‘ಜಿಲ್ಹಾ ಬಾಲ ಸಂರಕ್ಷಣ ಕಕ್ಷ’. ಜತ್ತದವರಿಗೆ ಸಾಂಗಲಿಯ ಕಚೇರಿ. ದಾರಿಯಲ್ಲೋ ಗುಡಿಯ ಮುಂದೋ ತೊರೆದ ಕೂಸು ಕಂಡರೆ ಮನೆಗೆ ಒಯ್ಯಬೇಡಿ, 1098ಕ್ಕೆ ಫೋನ್ ಮಾಡಿ. ಆ ಕೂಸು ಸರಿಯಾದ ದಾರಿಯಿಂದ ಸರಿಯಾದ ಮನೆ ಸೇರಲು ಅದೇ ಮೊದಲ ಹೆಜ್ಜೆ.